ಪಚ್ಚೆ ಅತ್ತರು ಮತ್ತು ಬಾರದ ನೀರು

ಸುಗಂಧದ ವಿಷಯದಲ್ಲಿ ನನ್ನಷ್ಟು ನಿರಪರಾಧಿ ಇಡೀ ಶಹಾಪುರದಲ್ಲಿ ಇನ್ನೊಬ್ಬನಿರಲಾರ. ಮೈಗೆ ಸೋಪು, ತಲೆಗೆ ಕೊಬ್ಬರಿ ಎಣ್ಣೆ, ಮದುವೆ ಮನೆಯ ಬಾಗಿಲಲ್ಲಿ ಯಾರಾದರೂ ಚಿಮುಕಿಸಿದರೆ ಎರಡು ಹನಿ ಪನ್ನೀರು. ಇಷ್ಟರಲ್ಲೇ ನನ್ನ ಬದುಕು ಘಮಘಮಿಸಿಕೊಂಡು ಸಾಗಿತ್ತು. ಅಂಥವನು ಒಂದು ದಿನ ಎರಡು ಊರಿನ ಗಂಡಸರನ್ನು ಮಟಮಟ ಮಧ್ಯಾಹ್ನ ಹೊಲದ ದಾರಿಯಲ್ಲಿ ಓಡಿಸಿಬಿಟ್ಟೆ. ಅದಕ್ಕೆಲ್ಲ ಮೂಲ ಕಾರಣ ನನ್ನ ಬಾಯಿ.

ನಾನು ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಹೆಂಡತಿಯ ಊರು ಸುರಪುರದ ಆಚೆ, ನಮ್ಮ ಕಾಲುವೆಯ ಕಟ್ಟಕಡೆಯ ತುದಿಯಲ್ಲಿದೆ. ಕೆಲವು ವರ್ಷಗಳ ಹಿಂದೆ ನನ್ನ ನಾದಿನಿ ಶಾರದೆಯನ್ನು ನೋಡಲು ಅದೇ ಕಡೆಯ ಬೀಗರು ಬಂದಿದ್ದರು. ಎಲ್ಲ ಸರಿಯಾಗಿ ನಡೆದಿತ್ತು. ಚಹಾ ಬರುವುದು ತಡವಾಯಿತೆಂದು ನಾನು ಅವರ ಜೊತೆ ಮಾತಿಗೆ ಕೂತೆ. "ನಿಮ್ಮ ಹೊಲಕ್ಕ ನೀರು ಹರಿಯೋದು ನಮ್ಮ ನಕ್ಷಾದಾಗ ಅಷ್ಟ ನೋಡ್ರಿ" ಎಂದೆ. ತಮಾಷೆಗೆ! ಅವರು ಚಹಾ ಕುಡಿಯದೆ ಎದ್ದುಹೋದರು.

ಮರುವರ್ಷ ಇನ್ನೊಂದು ಸಂಬಂಧ ಬಂತು. ಹುಡುಗ ಸುರಪುರದಲ್ಲಿ ಶಾರದೆ ಕಲಿಸುವ ಶಾಲೆಯಲ್ಲೇ ಮೇಷ್ಟ್ರು. ಅವನ ಅಪ್ಪ ಭೀಮಣ್ಣನವರು ನಮ್ಮ ಮಾವನ ಪಕ್ಕದೂರಿನವರು, ಮೂಗಿನ ತುದಿಯಲ್ಲೇ ಸಿಟ್ಟು. ನಿಶ್ಚಯದ ದಿನ ಗೊತ್ತಾದ ಮೇಲೆ ಶಾರದೆ ತಾನೇ ನಮ್ಮ ಮನೆಗೆ ಬಂದಳು.

"ಮಾಮಾ, ಈ ಸಂಬಂಧ ನನ್ನ ಮನಸ್ಸಿಗಿ ಬಂದದ" ಎಂದಳು. "ಅವತ್ತೊಂದು ದಿನ ನೀವು ಬಾಯಿ ತೆರಿಬ್ಯಾಡ್ರಿ. ಕಾಲಿಗಿ ಬೀಳ್ತೀನಿ."

ಅವಳ ಕಣ್ಣಲ್ಲಿ ನೀರಿತ್ತು. ತೆರೆಯುವುದಿಲ್ಲವೆಂದು ಮಾತು ಕೊಟ್ಟೆ, ಆದರೆ ನನ್ನ ಬಾಯಿಯ ಮೇಲೆ ನನಗೇ ಭರವಸೆಯಿರಲಿಲ್ಲ. ನೇರ ಜ್ಯೋತಿಷಿಯ ಬಳಿ ಹೋದೆ. ಆತ ನನ್ನ ಕುಂಡಲಿ ನೋಡಿ, ಬುಧ ಕೆಟ್ಟಿದ್ದಾನೆ, ಮಾತು ಕೈಕೊಡುವುದು ಅದಕ್ಕೇ, ಕಿರುಬೆರಳಿಗೆ ಪಚ್ಚೆಯ ಉಂಗುರ ಧರಿಸಬೇಕು ಎಂದ. ಹೆಂಡತಿಗೆ ಹೇಳಿದೆ.

"ಕಲ್ಲು ಹಾಕ್ಕೊಂಡ್ರ ಬಾಯಿ ಮುಚ್ಚತದೇನ್ರಿ?" ಎಂದಳು ಸಾವಿತ್ರಿ. "ಹಂಗಿದ್ರ ಬೆರಳಿಗ್ಯಾಕ? ಬಾಯಾಗ ಇಟಗೊಳ್ರಿ!"

ಉಂಗುರದ ಪ್ರಸ್ತಾವ ಅಲ್ಲಿಗೇ ತಿರಸ್ಕೃತವಾಯಿತು. ಆದರೆ ಅದೇ ವಾರ ಸಹೋದ್ಯೋಗಿಯ ಮಗನ ಮದುವೆಗೆ ಹೈದರಾಬಾದಿಗೆ ಹೋದಾಗ, ಹಳೆಯ ಗಲ್ಲಿಯೊಂದರ ಅತ್ತರಿನ ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಹಸಿರು ಬಾಟಲಿ ಕಂಡಿತು. ಏನೆಂದು ಕೇಳಿದೆ. ಮುದುಕ ಅಂಗಡಿಯವನು ಸುರುಮಾ ಹಚ್ಚಿದ ಕಣ್ಣು ಅರ್ಧ ಮುಚ್ಚಿ ವಿವರಿಸಿದ. ಇದು ಗುಲಾಬಿಯಲ್ಲ, ಮಲ್ಲಿಗೆಯಲ್ಲ, ಪಚ್ಚೆ! ಪಚ್ಚೆ ಕಲ್ಲು ಭೂಮಿಯ ಹೊಟ್ಟೆಯಿಂದ ಆಗಷ್ಟೇ ಹೊರಬಂದಾಗ ಬರುವ ವಾಸನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು. ತೊಯ್ದ ಕಲ್ಲು, ಪಾಚಿ, ಹಸಿ ಮಣ್ಣು. ಕಂಡಕಂಡವರು ಇದನ್ನು ಹಚ್ಚುವುದಿಲ್ಲ ಸಾಹೇಬರೇ, ಲಕ್ಷಕ್ಕೊಬ್ಬ. ಕಿವಿಯ ಹಿಂದೆ ಒಂದೇ ಹನಿ. ಮೊದಲು ಸುಮ್ಮನಿರುತ್ತದೆ, ಮೈ ಕಾವೇರಿದ ಮೇಲೆ ಮಾತಾಡುತ್ತದೆ.

ನನ್ನ ಬದಲು ಅತ್ತರೇ ಮಾತಾಡುವುದಾದರೆ ಇನ್ನೇನು ಬೇಕು? ಪಚ್ಚೆ ಧರಿಸಿದಂತೆಯೂ ಆಯಿತು, ಬಾಯಿ ಮುಚ್ಚಿದಂತೆಯೂ ಆಯಿತು. ಕೊಂಡುಬಿಟ್ಟೆ!

ಸಾವಿತ್ರಿ ಎರಡು ದಿನ ಮೊದಲೇ ತವರಿಗೆ ಹೋಗಿದ್ದಳು. ನಿಶ್ಚಯದ ದಿನ ಬೆಳಿಗ್ಗೆ ನಾನೊಬ್ಬನೇ ಕನ್ನಡಿಯ ಮುಂದೆ ನಿಂತು ಕಿವಿಯ ಹಿಂದೆ ಒಂದು ಹನಿ ಹಚ್ಚಿದೆ. ಮೂಸಿದೆ, ಏನೂ ಇಲ್ಲ. ಇನ್ನೊಂದು ಹನಿ ಹಚ್ಚಿದೆ. ಇಲ್ಲ. ಕುತ್ತಿಗೆಗೆ, ಎದೆಗೆ, ಎರಡೂ ತೋಳಿಗೆ ಹಚ್ಚಿದೆ. ಮುದುಕ ನನಗೆ ಬರೀ ನೀರು ಮಾರಿದ್ದಾನೆಂಬ ಸಿಟ್ಟಿನಲ್ಲಿ ಉಳಿದದ್ದನ್ನೆಲ್ಲ ಹೆಗಲ ಮೇಲಿನ ಟವೆಲ್ಲಿಗೆ ಸುರಿದೆ. ಬಸ್ಸಿನಲ್ಲಿ ತಂಪು ಗಾಳಿಯಿತ್ತು. ಪಚ್ಚೆ ತುಟಿಪಿಟಕ್ಕೆನ್ನಲಿಲ್ಲ.

ಮಾವನ ಮನೆ ಜನರಿಂದ ತುಂಬಿತ್ತು. ಎರಡೂ ಊರುಗಳಲ್ಲಿ ಮೆಣಸಿನ ಸಸಿಗಳು ನಾಟಿಗೆ ಸಿದ್ಧವಾಗಿದ್ದವು, ಎಲ್ಲರೂ ಕಾಲುವೆಯ ನೀರಿನ ದಾರಿ ಕಾಯುತ್ತಿದ್ದರು. ಹೋದ ಕೂಡಲೇ ಸುತ್ತುವರಿದರು.

"ನೀರು ಎಂದ್ ಬರ್ತಾವ್ರಿ ಸಾಹೇಬ್ರ?"

ನೀರು ಬಿಡುವ ಆದೇಶವನ್ನು ಟೈಪು ಮಾಡಿದವನೇ ನಾನು. ಇನ್ನೂ ಹನ್ನೆರಡು ದಿನವಿತ್ತು. ಆದರೆ ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನಲ್ಲ! ಗಂಭೀರವಾಗಿ ಮುಗುಳ್ನಕ್ಕೆ. ಜನ ಮುಖಮುಖ ನೋಡಿಕೊಂಡರು.

"ಸಾಹೇಬ್ರು ನಕ್ಕಾರಂದ್ರ ಏನೋ ಅದ" ಎಂದ ಒಬ್ಬ.

ಮಾವ ನನ್ನನ್ನು ದೊಡ್ಡ ಅಳಿಯನೆಂಬ ಗೌರವದಿಂದ ಮೇಜಿನ ಫ್ಯಾನಿನ ಎದುರು ಕೂರಿಸಿದರು. ಕೋಣೆಯಲ್ಲಿ ಐವತ್ತು ಜನ, ಮೇಲೆ ತಗಡು, ಹೊರಗೆ ಬೆಂಕಿಯಂಥ ಬಿಸಿಲು. ನಾನು ಬೆವರತೊಡಗಿದೆ. ಹಿರಿಯರು ಮಾತು ಮುಗಿಸಿದರು. ಉಳಿದದ್ದು ಸಕ್ಕರೆ ತಿನ್ನಿಸುವುದೊಂದೇ. ಗಂಡಿನ ತಂದೆ ಹೆಣ್ಣಿನ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಪಕ್ಕಾ, ಆಮೇಲೆ ಯಾರೂ ತಿರುಗುವಂತಿಲ್ಲ. ಶಾರದೆ ತಲೆ ತಗ್ಗಿಸಿ ಬಂದು ಕೂತಳು. ಭೀಮಣ್ಣನವರು ತಟ್ಟೆಯಿಂದ ಮುಷ್ಟಿ ಸಕ್ಕರೆ ಎತ್ತಿಕೊಂಡರು.

ಪಚ್ಚೆ ಮಾತಾಡಿತು!

ಭೀಮಣ್ಣನವರ ಕೈ ಗಾಳಿಯಲ್ಲೇ ನಿಂತಿತು. ಮೂಗು ಮೇಲೇರಿತು. ಅವರ ಹಿಂದೆ ಒಬ್ಬೊಬ್ಬರದೇ ಮೂಗು ಏರುತ್ತ ಹೋಯಿತು. ಕಾಲುವೆಯ ತುದಿಯ ಊರಿನವರಿಗೆ ಒಂದು ವಿದ್ಯೆ ಗೊತ್ತು. ತಿಂಗಳುಗಟ್ಟಲೆ ಒಣಗಿದ ಕಾಲುವೆಗೆ ಮೊದಲ ನೀರು ನುಗ್ಗುವಾಗ, ನೀರು ಕಾಣುವ ಮೊದಲೇ ಅದರ ವಾಸನೆ ಊರಿಗೆ ಮುಟ್ಟುತ್ತದೆ. ತೊಯ್ದ ಕಲ್ಲು, ಪಾಚಿ, ಹಸಿ ಮಣ್ಣು. ಆಗ ತೂಬಿನ ಬಳಿ ಮೊದಲು ಸಲಿಕೆ ಹಿಡಿದು ನಿಂತವನ ಹೊಲಕ್ಕೇ ಮೊದಲ ನೀರು.

"ನೀರು ಬಂದಾವಲೇ!" ಎಂದು ಯಾರೋ ಕೂಗಿದರು.

ಅಷ್ಟೇ ಸಾಕಾಯಿತು. ಮಾವನ ಹಿತ್ತಲಿನ ಸಲಿಕೆ, ಗುದ್ದಲಿಗಳೆಲ್ಲ ಮಾಯವಾದವು. ಭೀಮಣ್ಣನವರು ಸಕ್ಕರೆಯ ಮುಷ್ಟಿ ಬಿಗಿಹಿಡಿದುಕೊಂಡೇ ಹೊಸ್ತಿಲು ಹಾರಿದರು. ಗಂಡು, ಗಂಡಿನ ಕಾಕಾ, ನಮ್ಮ ಮಾವ, ಮಂತ್ರ ಹೇಳುತ್ತಿದ್ದ ಅಯ್ಯನವರು, ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವನು ನಾನು!

ಯಾಕೆ ಓಡಿದೆ? ದೇವರಾಣೆ, ಇವತ್ತಿಗೂ ಗೊತ್ತಿಲ್ಲ. ಓಡಿದಷ್ಟೂ ಬೆವರು, ಬೆವರಿದಷ್ಟೂ ವಾಸನೆ. ಹಿಂದಿನವರು "ಹತ್ರ ಬಂದಾವ! ಇನ್ನೂ ಹತ್ರ ಬಂದಾವ!" ಎಂದು ಕೂಗುತ್ತ ನನ್ನ ಬೆನ್ನು ಹತ್ತಿದ್ದರು. ಅದನ್ನು ಕೇಳಿ ನಾನು ಇನ್ನೂ ಜೋರಾಗಿ ಓಡಿದೆ.

ಕಾಲುವೆಯ ಏರಿಯ ಮೇಲೆ ನಿಂತು ಇಣುಕಿದೆವು. ತಳದ ಮಣ್ಣು ಬಿರುಕು ಬಿಟ್ಟಿತ್ತು. ನಡುವೆ ಒಂದು ನಾಯಿ ಹಾಯಾಗಿ ಮಲಗಿತ್ತು. ಅದು ಒಂದು ಕಣ್ಣು ತೆರೆದು ನಮ್ಮನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

ಜನ ಸಲಿಕೆ ಹೊತ್ತು, ಜಾಲಿ ಮುಳ್ಳು ಕಿತ್ತುಕೊಳ್ಳುತ್ತ, ಬಾಯಿಗೆ ಬಂದದ್ದು ಬೈಯುತ್ತ ಮನೆಗೆ ಮರಳಿದರು. ಭೀಮಣ್ಣನವರ ಮುಖ ಮೆಣಸಿನಕಾಯಿಯಾಗಿತ್ತು.

"ನಿಶ್ಚಯಕ್ಕ ಕರಿಸಿ ನಮ್ಮನ್ನ ಹುಚ್ಚರ ಮಾಡಿ ಓಡಿಸ್ತೀರೇನು? ನಡೀರಿ, ಗಾಡಿ ಹತ್ರಿ!"

ಶಾರದೆ ಬಾಗಿಲ ಚೌಕಟ್ಟು ಹಿಡಿದು ಬಿಳಿಚಿಕೊಂಡು ನಿಂತಿದ್ದಳು. ಆಗ ಮೂಲೆಯಲ್ಲಿ ಕೂತಿದ್ದ ಮಾವನ ತಾಯಿ ಗುರಮ್ಮಾಯಿ ಕೋಲು ಕುಟ್ಟಿದಳು. ಆಕೆಗೆ ಕಣ್ಣು ಮಂಜು, ಆದರೆ ಮೂಗು ಚುರುಕು.

"ತಡೀರೋ. ನೀವೆಲ್ಲಾ ಓಡಿ ಹೋದ್ರಿ, ವಾಸನಿ ಹೋತು. ಈಗ ತಿರುಗಿ ಬಂದ್ರಿ, ವಾಸನಿ ಬಂತು. ನೀರು ನಿಮ್ಮ ಜೋಡಿ ತಿರಗಾಡಾಕತ್ತಾವೇನು?"

ಆಯಿ ಎದ್ದು ಒಬ್ಬೊಬ್ಬರನ್ನೇ ಮೂಸುತ್ತ ಬಂದಳು. ಮಾವನನ್ನು ದಾಟಿದಳು, ಗಂಡಿನ ಕಾಕಾನನ್ನು ದಾಟಿದಳು, ನನ್ನ ಟವೆಲ್ಲು ಹಿಡಿದು ಎಳೆದಳು.

"ಇಲ್ಲೇ ಅದ ನೋಡ್ರಿ! ದೊಡ್ಡ ಅಳಿಯನ ಮೈಯಾಗ ಕಾಲುವಿ ಹರಿಯಾಕತ್ತದ!"

ಸಾವಿತ್ರಿ ಹಣೆ ಚಚ್ಚಿಕೊಂಡಳು. "ಏನ್ ಹಚ್ಚಿಕೊಂಡೀರಿ?"

"ಪಚ್ಚೆ" ಎಂದೆ.

"ಅಯ್ಯ ನನ್ನ ಕರ್ಮವೇ! ಬಾಯಿ ತೆರೆದ್ರ ಒಂದು ಸಂಬಂಧ ಹೋತು, ಮುಚ್ಚಿದ್ರ ಇನ್ನೊಂದು ಹೊಂಟದ!"

ಭೀಮಣ್ಣನವರು ನನ್ನ ಮುಂದೆ ಬಂದು ನಿಂತರು. "ಸಾಹೇಬ್ರ, ಒಂದು ಹೇಳ್ರಿ. ಖರೇ ನೀರು ಯಾವಾಗ ಬಿಡ್ತಾರಂತ ನಿಮಗ ಗೊತ್ತಿದ್ದಿಲ್ಲೇನು?"

ಶಾರದೆಯ ಮುಖ ನೋಡಿದೆ. ಅವಳು ಹೇಳಿ ಎಂಬಂತೆ ತಲೆಯಾಡಿಸಿದಳು. ಆ ದಿನ ಮೊದಲ ಸಲ ಪೂರ್ತಿಯಾಗಿ ಬಾಯಿ ತೆರೆದೆ.

"ಗೊತ್ತಿತ್ರಿ. ಇನ್ನೂ ಹನ್ನೆರಡು ದಿನ ಅದ. ಆ ಆರ್ಡರ್ ನಾನೇ ಟೈಪ್ ಮಾಡೀನಿ."

"ಮತ್ತ ನೀವ್ಯಾಕ ಎಲ್ಲಾರ್ಕಿಂತ ಮುಂದ ಓಡಿದ್ರಿ?"

"ವಾಸನಿ ಬಂತಲ್ರಿ!"

ಭೀಮಣ್ಣನವರ ಹೊಟ್ಟೆ ಕುಣಿಯತೊಡಗಿತು. ನಕ್ಕರು, ನಕ್ಕರು, ಗೋಡೆ ಹಿಡಿದುಕೊಂಡು ನಕ್ಕರು. "ತನ್ನ ಮೈ ವಾಸನಿಗಿ ತಾನೇ ಓಡ್ಯಾನಲ್ಲಪೋ!" ಎಂದು ಕಣ್ಣು ಒರೆಸಿಕೊಳ್ಳಲು ಹೋಗಿ ನೋಡುತ್ತಾರೆ, ಮುಷ್ಟಿ ಇನ್ನೂ ಬಿಗಿದೇ ಇತ್ತು. ಬಿಚ್ಚಿದರು. ಸಕ್ಕರೆ ಬೆವರಿಗೆ ಕರಗಿ ಉಂಡೆಯಾಗಿತ್ತು. "ಇಷ್ಟು ಓಡಿದ್ರೂ ನಾ ಬಿಟ್ಟಿಲ್ಲ ನೋಡು ತಂಗಿ" ಎಂದು ಅದನ್ನು ಅತ್ತ ಇಟ್ಟು, ಮೊದಲು ನನ್ನನ್ನು ಸ್ನಾನಕ್ಕೆ ಅಟ್ಟಿಸಿ, ಆಮೇಲೆ ತಟ್ಟೆಯಿಂದ ಹೊಸ ಸಕ್ಕರೆ ತೆಗೆದು ಶಾರದೆಯ ಬಾಯಿಗೆ ಹಾಕಿದರು. ಅವಳು ಅಳುತ್ತ ನಕ್ಕಳು.

ಆ ಶುಭ ಗಳಿಗೆಯನ್ನು ನಾನು ಕಂಡದ್ದು ಅಂಗಳದ ಬೇವಿನ ಮರದ ಕೆಳಗೆ, ಮಾವನ ಹಳೆಯ ಧೋತರ ಉಟ್ಟು, ತಲೆಯ ಮೇಲೆ ಮೂರನೆಯ ಕೊಡ ನೀರು ಬೀಳುತ್ತಿದ್ದಾಗ.

ಹನ್ನೆರಡು ದಿನಗಳ ನಂತರ ಕಾಲುವೆಗೆ ನಿಜವಾದ ನೀರು ಬಂತು. ವಾಸನೆ ಊರಿಡೀ ಹರಡಿತು. ಯಾರೂ ಕಟ್ಟೆಯಿಂದ ಏಳಲಿಲ್ಲ. "ಸುಮ್ನ ಕೂಡ್ರೋ, ಅಳಿಯ ಬಂದಾನ" ಎಂದರಂತೆ! ಅಂದಿನ ಮೊದಲ ನೀರೆಲ್ಲ ಹಳ್ಳಕ್ಕೆ ಹೋಯಿತು.

ಈಗ ಶಾರದೆಗೆ ಇಬ್ಬರು ಮಕ್ಕಳು. ಆದರೂ ಪ್ರತಿ ಸಲ ಕಾಲುವೆಯ ಕಡೆಯಿಂದ ಹಸಿ ಮಣ್ಣಿನ ವಾಸನೆ ಬಂದರೆ ಮೊದಲು ನನ್ನ ಫೋನು ಬಡಿದುಕೊಳ್ಳುತ್ತದೆ.

"ಅಳಿಯಂದ್ರ, ಈಗ ಎಲ್ಲಿದ್ದೀರಿ?" ಎನ್ನುತ್ತಾರೆ ಮಾವ.

"ಶಹಾಪುರದಾಗ, ಆಫೀಸಿನಾಗ ಇದ್ದೀನ್ರಿ."

"ಖರೇ?"

"ಖರೇರಿ."

ಆಮೇಲೆಯೇ ಅವರು ಸಲಿಕೆ ಎತ್ತುತ್ತಾರೆ.