ಮೈಕು ಅತ್ತೆಯ ಕೈಗೆ ಹೋದಾಗ

ಜನ ಬರುವುದು ನನ್ನ ಭಾಷಣ ಕೇಳಲು ಎಂದು ನಾನು ಬಹಳ ಕಾಲ ನಂಬಿದ್ದೆ. ಅವರು ಬರುವುದು ನನ್ನ ಸೋದರತ್ತೆಯ ಮಾತು ಕೇಳಲು!

ಎಪ್ಪತ್ತು ದಾಟಿದ ಅತ್ತೆಯ ಮನೆ ಅರಳಸುರಳಿಯಲ್ಲಿ. ನಾನು ನೆಂಟರಿಷ್ಟರ ಬಗ್ಗೆ ಪ್ರಬಂಧ ಬರೆಯುವವನು. ಪುಸ್ತಕ, ಸಂಸ್ಕೃತಿ ಎಂದು ಯಾರು ಕರೆದರೂ ಹೋಗಿ ಮಾತಾಡುವವನು. ಎಲ್ಲಿ ಹೋದರೂ ಅತ್ತೆ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಹಾಜರು. ಸುಮ್ಮನೆ ಕೂರಬಾರದೇ?

ಸಾಗರದಲ್ಲೊಮ್ಮೆ, "ಚಿಮಣಿ ದೀಪದ ಬೆಳಕಿನಲ್ಲಿ ಓದಿ ಬೆಳೆದವನು ನಾನು" ಎಂದೆ. ಸಭೆ ಇನ್ನೇನು ಕರಗಬೇಕು, ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಸುಳ್ಳೆಂತಕ್ಕೆ ಹೇಳ್ತೀಯ ಮಾರಾಯ? ನೀ ಹುಟ್ಟೋವಾಗ್ಲೇ ಮನೇಲಿ ಟ್ಯೂಬ್‌ಲೈಟ್ ಇತ್ತಲ್ಲ!"

ಅಂದಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಹೊರಗೆ ಬಂದ ಮೇಲೆ, "ಅತ್ತೇ, ಸಾಹಿತ್ಯದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರ್ತದೆ" ಎಂದು ತಿಳಿಹೇಳಿದೆ.

"ಬರಿಯೋವಾಗ ಇರ್ಲಿ. ನನ್ನೆದುರು ಮೈಕ್ ಹಿಡ್ಕಂಡು ಬ್ಯಾಡ."

ತೀರ್ಥಹಳ್ಳಿಯಲ್ಲಿ ಯೂಟ್ಯೂಬ್‌ಗೆ ಸಂದರ್ಶನ. "ನಿಮಗೆ ಓದುವ ಹುಚ್ಚು ಹಿಡಿಸಿದ್ದು ಯಾರು?" ಎಂದಳು ಪ್ರಶ್ನೆ ಕೇಳುತ್ತಿದ್ದ ಹುಡುಗಿ. "ನಮ್ಮ ತಂದೆ" ಎಂದೆ. "ನಿಮ್ಮಪ್ಪ ಓದಿದ್ದು ಗೊಬ್ಬರದ ಚೀಲ ಮಾತ್ರ!" ಎಂದರು ಕ್ಯಾಮೆರಾದ ಹಿಂದಿದ್ದ ಅತ್ತೆ. ಕ್ಯಾಮೆರಾ ಆ ಕಡೆ ತಿರುಗಿದ್ದು ಮತ್ತೆ ಈ ಕಡೆ ಬರಲಿಲ್ಲ. ಆ ವಿಡಿಯೋದಲ್ಲಿ ನೀವು ನನ್ನ ಬಲಭುಜವನ್ನು ಸ್ಪಷ್ಟವಾಗಿ ನೋಡಬಹುದು.

ಹೊಸನಗರದ ಸಂವಾದದ ಸುದ್ದಿಯನ್ನು ಅತ್ತೆಗೆ ಹೇಳಲೇ ಇಲ್ಲ. ಆದರೂ ಬಂದಿದ್ದರು! ಸಂವಾದ ನಡೆಸುತ್ತಿದ್ದ ಯುವ ಅಧ್ಯಾಪಕರು ನೇರವಾಗಿ ಕೇಳಿದರು: "ಮನೆಯವರ ಪೇಚಾಟ ಬರೆದು ನಗಿಸ್ತೀರಿ. ಇದರಿಂದ ಯಾರಿಗೇನು ಪ್ರಯೋಜನ?"

ಹತ್ತಾರು ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅದರಲ್ಲಿ ಇದೊಂದು ಇರಲಿಲ್ಲ. ಸಭೆ ಕಾಯುತ್ತಿತ್ತು. ಅತ್ತೆ ಮೈಕಿಗೆ ಕೈ ಚಾಚಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ನಮ್ಮನೆಯವ್ರು ತೀರ್ಕಂಡಾಗ ನಂಗೆ ಅಳೂ ಬರ್ಲಿಲ್ಲ, ಊಟಾನೂ ಸೇರ್ಲಿಲ್ಲ. ಬಂದವ್ರೆಲ್ಲ ಸಮಾಧಾನ ಹೇಳಿದ್ದೇ ಹೇಳಿದ್ದು. ಒಂದಿನ ಇವನ ಪುಸ್ತಕ ತೆಗ್ದೆ. ನಮ್ಮನೆಯವ್ರು ಮದುವೆಮನೇಲಿ ಬೇರೆಯವ್ರ ಚಪ್ಪಲಿ ಮೆಟ್ಕಂಡು ಬಂದು, 'ಇದು ಕಚ್ತದೆ' ಅಂತ ನಂಗೇ ಬೈದಿದ್ದನ್ನ ಬರ್ದಿದಾನೆ. ಓದ್ತಾ ನಕ್ಕುಬಿಟ್ಟೆ. ನಂಗೆ ತಲೆ ಕೆಟ್ಟಿತು ಅಂತ ಮಕ್ಳು ಓಡಿ ಬಂದ್ರು. ಆಮೇಲೇ ನಂಗೆ ಅಳು ಬಂದದ್ದು. ಅವತ್ತು ಉಂಡೆ."

ಅತ್ತೆ ಮೈಕು ಕೊಟ್ಟು ಕೂತರು.

ಆ ದಿನಗಳಲ್ಲಿ ನಾನೂ ಎರಡು ಸಲ ಆ ಮನೆಗೆ ಹೋಗಿದ್ದೆ. ಏನು ಹೇಳಬೇಕೆಂದು ತಿಳಿಯದೆ, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದಿದ್ದೆ. ಈಗ ವೇದಿಕೆಯಿಂದ ಇಳಿದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಅತ್ತೆ ನನ್ನ ಕೈ ಹಿಡಿದುಕೊಂಡರು.