ಅತ್ತೆಯ ಮಾನಿಟರ್ ಕೆಡಿಸಿದವಳು

ಹರಿಹರದಲ್ಲಿರುವ ನಮ್ಮ ನೆಂಟರಲ್ಲಿ ಯಾರನ್ನಾದರೂ ಕೇಳಿ ನೋಡಿ, ಅತ್ತೆಯ ಅಂಗಡಿಯ ಮಾನಿಟರನ್ನು ಕೆಡಿಸಿದವಳು ನಾನೇ ಎನ್ನುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಎನ್ನುತ್ತಾರೆ. ನಾಲ್ಕು ಜನ ಹೇಳಿದ್ದೆಲ್ಲ ಸತ್ಯವಾಗುವಂತಿದ್ದರೆ ಸತ್ಯಕ್ಕೆ ಇಷ್ಟು ಬಡತನ ಬರುತ್ತಿರಲಿಲ್ಲ. ಆದ್ದರಿಂದ ಒಂದೇ ಒಂದು ವಾಸ್ತವಾಂಶವನ್ನು ತಮ್ಮ ಮುಂದಿಡುತ್ತೇನೆ: ನಾನು ಕೈ ಹಾಕುವ ಮೊದಲು ಆ ಮಾನಿಟರ್ ಹತ್ತುತ್ತಿರಲಿಲ್ಲ, ಕೈ ಹಾಕಿದ ಮೇಲೆ ಹತ್ತುತ್ತಿದೆ. ಇದನ್ನು ಕೆಡಿಸುವುದು ಎನ್ನುವುದಾದರೆ ಜ್ವರ ಇಳಿಸಿದ ಡಾಕ್ಟರ ಮೇಲೂ ಕೇಸು ಹಾಕಬಹುದು. ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೇನೆ, ಹೇಗೆ ಹಾಕುವುದೆಂದು ಬೇಕಿದ್ದರೆ ಹೇಳಿಕೊಡುತ್ತೇನೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಷೋಕೇಸು ತುಂಬಿಸಿದವಳು ನಾನು. ನಮ್ಮಮ್ಮನನ್ನು ಕೇಳಿದರೆ, "ಇವಳ ಮುಂದೆ ಸಾರಿಗೆ ಉಪ್ಪು ಕಮ್ಮಿ ಆಗೈತೆ ಅನ್ನಂಗಿಲ್ಲ, ಸಾಕ್ಷಿ ಕೇಳ್ತಾಳೆ" ಎಂದಾಳು. ಕೇಳುತ್ತೇನೆ. ಕೇಳಿದರೆ ತಪ್ಪೇನು?

ಅತ್ತೆಯೆಂದರೆ ನಮ್ಮಪ್ಪನ ಅಕ್ಕ. ಹರಿಹರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟುಕೊಂಡಿದ್ದಾಳೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಮಾದರಿ ಕಾರ್ಡುಗಳು. ಅಕ್ಷರ ಜೋಡಿಸುವವಳು ಅವಳು, ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವವಳೂ ಅವಳು. ಈ ಕೋಣೆಯ ಮೇಲೆ ಅವಳ ಗಂಡ ಕೊಟ್ರಪ್ಪ ಮಾವನಿಗೆ ಬಹುಕಾಲದಿಂದ ಕಣ್ಣು. ಮೊಬೈಲ್ ಕವರ್ ಮಾರುವವನೊಬ್ಬ ಅದನ್ನು ಬಾಡಿಗೆಗೆ ಕೇಳಿದ್ದಾನಂತೆ. ಹೆಂಡತಿಯ ಕೆಲಸ ನಿಲ್ಲಿಸು ಎಂದು ನೇರವಾಗಿ ಹೇಳುವಷ್ಟು ಕೆಟ್ಟವರಲ್ಲ ನಮ್ಮ ಮಾವ, ಅದು ತಾನಾಗಿ ನಿಲ್ಲಲಿ ಎಂದು ಕಾಯುವಷ್ಟು ಒಳ್ಳೆಯವರು. ಮಾನಿಟರ್ ಪೂರ್ತಿ ಕೈಕೊಟ್ಟ ದಿನ ಅವರ ದನಿಯಲ್ಲಿ ಎಂದೂ ಇರದ ಕರುಣೆ ಬಂತು. "ಅದಕ್ಕೂ ವಯಸ್ಸಾತಲ್ಲ, ಬಿಡು. ಬಸವ ಜಯಂತಿ ಒಳಗ ನೆಟ್ಟಗಾದ್ರ ಸರಿ. ಇಲ್ಲಾಂದ್ರ ಕೋಣೆ ಖಾಲಿ ಮಾಡಿಬಿಡಾಣ" ಎಂದರು.

ಹೊಸದನ್ನೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. "ಇದರಾಗ ಕಾಣೋ ಅರಿಷಿಣನೇ ಕಾರ್ಡಿನಾಗೂ ಬರ್ತೈತೆ. ಹೊಸದ್ರಾಗ ಅರಿಷಿಣ ಹೋಗಿ ನಿಂಬೆಹಣ್ಣಾಗ್ತೈತೆ. ನಿಂಬೆಹಣ್ಣಿನ ಬಣ್ಣದ ಲಗ್ನಪತ್ರಿಕೆ ಯಾರು ತಗೋತಾರೆ, ನೀನಾ?" ಎಂದಳು ಅತ್ತೆ. ನನ್ನ ಮದುವೆಯ ಪ್ರಸ್ತಾಪ ಬಂದೊಡನೆ ಚರ್ಚೆಯಿಂದ ಹಿಂದೆ ಸರಿಯುವುದು ನನ್ನ ನಿಯಮ.

ಮಾನಿಟರಿನ ಕಾಯಿಲೆ ಹೀಗಿತ್ತು. ಸ್ವಿಚ್ಚು ಒತ್ತಿದರೆ ಹಸಿರು ದೀಪ ಮಿಟುಕುತ್ತಿತ್ತು, ಪರದೆ ಒಂದು ಕ್ಷಣ ಬೆಳಗಿ ಕಪ್ಪಾಗುತ್ತಿತ್ತು, ಮತ್ತೆ ಬೆಳಗಿ ಮತ್ತೆ ಕಪ್ಪಾಗುತ್ತಿತ್ತು. ಒಂದು ಚಹಾ ಕುಡಿದು ಮುಗಿಸುವ ಹೊತ್ತಿಗೆ, ಹಾಳಾಗಿ ಹೋಗಲಿ ಎಂಬಂತೆ ನಿಂತು ಬೆಳಗುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಬರಬರುತ್ತ ಚಹಾದ ಹೊತ್ತು ಊಟದ ಹೊತ್ತಾಯಿತು, ಕೊನೆಗೆ ದಿನವಿಡೀ ಮಿಟುಕಿದರೂ ಬಾರದಾಯಿತು. ಅತ್ತೆ ಅದಕ್ಕೆ ಹಳೆಯ ಶಾಲು ಹೊದಿಸತೊಡಗಿದಳು. "ಮೈ ಬೆಚ್ಚಗಾದ್ರ ಬರ್ತೈತೆ."

"ಅತ್ತೆ, ಅದಕ್ಕೇನು ನೆಗಡಿ ಆಗೈತಾ? ಇದು ಶುದ್ಧ ಮೂಢನಂಬಿಕೆ" ಎಂದು ನಾನು ಹದಿನೈದು ನಿಮಿಷ ಮಾತಾಡಿದೆ. ಆಮೇಲೆ ಮನೆಗೆ ಬಂದು ಓದಿದರೆ, ಒಳಗಿನ ಕೆಪಾಸಿಟರ್‌ಗಳು ಹಳತಾಗಿ ಒಣಗಿದಾಗ ತುಸು ಕಾವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ ಎಂದು ತಿಳಿಯಿತು. ಇದನ್ನು ಅತ್ತೆಗೆ ನಾನು ಹೇಳಲಿಲ್ಲ. ಎದುರು ಪಕ್ಷಕ್ಕೆ ಅನುಕೂಲವಾಗುವ ಪುರಾವೆಯನ್ನು ನಾವೇ ಹುಡುಕಿಕೊಡುವ ಪದ್ಧತಿ ಚರ್ಚಾಸ್ಪರ್ಧೆಯಲ್ಲಿಲ್ಲ. ಬದಲಿಗೆ, "ನಾನೇ ರಿಪೇರಿ ಮಾಡಿಕೊಡ್ತೀನಿ" ಎಂದೆ. ಮಾವ ಬಹಳ ಸಂತೋಷದಿಂದ ಒಪ್ಪಿದರು. ನನ್ನ ಕೈಗುಣದ ಮೇಲೆ ಅವರಿಗೆ ಅಷ್ಟು ಭರವಸೆ. ಮಾನಿಟರನ್ನು ಅದೇ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಶಾಲಿನ ತುದಿ ಸರಿಪಡಿಸಿ, "ಗಾಳಿ ಹೊಡಿತೈತೆ, ಕಿಟಕಿ ಹಾಕವ್ವ" ಎಂದಳು. ಒಳಗಿರುವುದು ಮಗುವಲ್ಲ ಎಂದು ವಾದಿಸಲು ಹೋಗಲಿಲ್ಲ. ಕಿಟಕಿ ಹಾಕಿದೆ.

ವೈರು ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಒಂದು ದಿನ ಹಾಗೇ ಬಿಟ್ಟು, ಹಿಂಬದಿ ಬಿಚ್ಚಿ ನೋಡಿದರೆ ಅಪರಾಧಿಗಳು ಸಾಲಾಗಿ ಸಿಕ್ಕಿಬಿದ್ದರು. ಕೆಪಾಸಿಟರ್ ಎಂದರೆ ಪುಟ್ಟ ಡ್ರಮ್ಮಿನಂಥ ವಸ್ತು. ನಲ್ಲಿಯ ನೀರು ಮನಸ್ಸು ಬಂದಾಗ ಬಂದರೂ ಮನೆಯೊಳಗಿನ ನೀರು ಒಂದೇ ಸಮ ಬರುವುದು ಮಾಳಿಗೆಯ ಟ್ಯಾಂಕಿನಿಂದ ತಾನೇ? ಕರೆಂಟಿನ ಪಾಲಿಗೆ ಇದು ಆ ಟ್ಯಾಂಕು. ಚಪ್ಪಟೆಯಾಗಿರಬೇಕಾದ ಅವುಗಳ ತಲೆಗಳು, ಮೂರಕ್ಕೆ ಮೂರೂ, ಹೆಂಚಿನ ಮೇಲಿನ ಪಡ್ಡಿನಂತೆ ಉಬ್ಬಿದ್ದವು. ಮೈಮೇಲೆ ಬರೆದಿದ್ದನ್ನು ಗುರುತು ಹಾಕಿಕೊಂಡೆ: ಸಾವಿರ ಮೈಕ್ರೋಫ್ಯಾರಡ್, ಹದಿನಾರು ವೋಲ್ಟ್, ನೂರೈದು ಡಿಗ್ರಿ. ಆರಿಸುವ ನಿಯಮವನ್ನೂ ಓದಿಕೊಂಡೆ. ಮೈಕ್ರೋಫ್ಯಾರಡ್, ಅಂದರೆ ಟ್ಯಾಂಕಿನ ಅಳತೆ, ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬೇಕು, ತಡೆದುಕೊಳ್ಳುವ ಶಾಖದ ಡಿಗ್ರಿ ಕಡಿಮೆಯಾಗಬಾರದು. ಇಷ್ಟು ಗಟ್ಟಿಯಾದ ನಿಯಮಗಳು ಕೈಯಲ್ಲಿದ್ದರೆ ನನ್ನನ್ನು ಸೋಲಿಸುವವರು ಯಾರು?

ಮಂಡಿಪೇಟೆಯ ಬಿಡಿಭಾಗದ ಅಂಗಡಿಯ ಯಜಮಾನರು ಒಂದು ಮುಷ್ಟಿ ಕೆಪಾಸಿಟರ್‌ಗಳನ್ನು ಕಡಲೆಯಂತೆ ಗಾಜಿನ ಮೇಲೆ ಸುರಿದರು. "ಆರಿಸ್ಕೊಳ್ರಿ."

"ಇವು ಎಂಬತ್ತೈದು ಡಿಗ್ರಿಯವು. ನನಗೆ ನೂರೈದು ಬೇಕು."

"ಮೇಡಮ್ಮಾರೆ, ದಾವಣಗೆರೆ ಬಿಸಿಲು ಎಷ್ಟು ಬಿದ್ರೂ ನಲವತ್ತರ ಆಸುಪಾಸು. ಎಂಬತ್ತೈದು ಸಾಲಲ್ವಾ ನಿಮಗ?"

"ಇದನ್ನ ಮಾಳಿಗಿ ಮ್ಯಾಲೆ ಒಣಗಾಕಲ್ರಿ, ಮಾನಿಟರ್ ಒಳಗ ಹಾಕಾಕ."

ಮಿಕ್ಸಿಯ ಸ್ವಿಚ್ಚಿಗೆ ಬಂದಿದ್ದ ಗಿರಾಕಿಯೊಬ್ಬ, "ಅಲ್ರಿ, ಡಿಗ್ರಿ ಅಂದ್ರೆ ಬರೇ ಕಂಪನಿಯೋರ ನಾಟಕ" ಎಂದು ನಡುವೆ ಬಾಯಿ ಹಾಕಿದ. ಅಷ್ಟು ಸಾಕಾಯಿತು. ಒಳಗಿನ ಶಾಖ, ಬಾಳಿಕೆ, ಗ್ರಾಹಕರ ಹಕ್ಕು, ಎಲ್ಲವನ್ನೂ ಅಂಗಡಿಯ ಮುಂದೆ ನಿಂತು ಮಂಡಿಸಿದೆ. ಮಿಕ್ಸಿಯವನು ಸ್ವಿಚ್ಚು ಕೊಳ್ಳದೆಯೇ ಹೋದ. ಯಜಮಾನರು ಕೈಮುಗಿದು, ನೂರೈದು ಡಿಗ್ರಿಯ, ಅರವತ್ತಮೂರು ವೋಲ್ಟಿನ ಕೆಪಾಸಿಟರ್‌ಗಳನ್ನು ಕಟ್ಟಿಕೊಟ್ಟರು. ಹದಿನಾರು ಕೇಳಿದರೆ ಅರವತ್ತಮೂರು! ನಿಯಮದ ಪ್ರಕಾರ ಹೆಚ್ಚಿದ್ದರೆ ತಪ್ಪಿಲ್ಲ. ಗೆದ್ದವಳ ಗತ್ತಿನಲ್ಲಿ ಮನೆಗೆ ಬಂದೆ. ಬೆಸುಗೆ ಹಾಕಿದೆ. ಹಿಂಬದಿ ಮುಚ್ಚಲು ಹೋದರೆ ಮುಚ್ಚಲೇ ಇಲ್ಲ. ವೋಲ್ಟ್ ಏರಿದಂತೆ ಕೆಪಾಸಿಟರಿನ ಮೈಯೂ ದಪ್ಪವಾಗುತ್ತದೆ, ಉದ್ದವೂ ಆಗುತ್ತದೆ ಎಂಬ ಸಂಗತಿಯನ್ನು ಯಾರೂ ನನ್ನೊಂದಿಗೆ ಚರ್ಚಿಸಿರಲಿಲ್ಲ. ಮೂರೂ ಪಕ್ಕದೂರಿನ ನೀರಿನ ಟ್ಯಾಂಕುಗಳಂತೆ ತಲೆಯೆತ್ತಿ ನಿಂತಿದ್ದವು.

ಮರುದಿನ ಮಾನಿಟರಿನ ಹಿಂಬದಿ ಮುಚ್ಚಳವನ್ನೇ ಕಂಕುಳಲ್ಲಿಟ್ಟುಕೊಂಡು ಹೋದೆ. ಯಜಮಾನರು ಬೇರೆ ಡಬ್ಬಿ ತೆಗೆದು, ನೂರೈದು ಡಿಗ್ರಿಯ, ಇಪ್ಪತ್ತೈದು ವೋಲ್ಟಿನ, ಗಿಡ್ಡ ಕೆಪಾಸಿಟರ್‌ಗಳನ್ನು ಮುಂದಿಟ್ಟರು.

"ಇವು ನಿನ್ನೆ ಇರಲಿಲ್ವಾ?"

"ಇದ್ವು."

"ಮತ್ತೆ ಯಾಕ ತೋರಿಸಲಿಲ್ಲ?"

"ನೀವು ಮಾತಾಡ್ತಿದ್ರಲ್ರಿ. ನಡುವೆ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ."

ಅಂತೂ ಕೆಲಸ ಮುಗಿಯಿತು. ಉಬ್ಬುತಲೆಯ ಮೂರು ಹಳಬರನ್ನು ಷೋಕೇಸಿನಲ್ಲಿ ನನ್ನ ಕಪ್‌ಗಳ ಪಕ್ಕದಲ್ಲಿಟ್ಟೆ. ಹರಿಹರಕ್ಕೆ ಹೋಗಿ ಮಾನಿಟರ್ ಜೋಡಿಸಿ ಸ್ವಿಚ್ಚು ಒತ್ತಿದರೆ, ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು. ಅತ್ತೆ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಮಾವ, "ಬಾಳ ಚಲೋ ಆತು" ಎಂದರು. ಬಾಡಿಗೆದಾರ ಓಡಿಹೋದಾಗ ಮನೆಯ ಮಾಲೀಕ ಹೇಳುವ ಧಾಟಿಯಲ್ಲಿ.

ಆಗಲೇ ನಂದಿಗುಡಿಯಿಂದ ಒಂದು ಮದುವೆಯವರು ಬಂದರು: ಹುಡುಗಿಯ ಅಪ್ಪ, ದೊಡ್ಡಪ್ಪ, ಸೋದರಮಾವ. ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ; ನಡೆಯದಿರುವುದು ಕೆಳಗಿನ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಯಾರ ಮೇಲೆ ಯಾರು ಎಂಬ ವಿಷಯ. ದೊಡ್ಡಪ್ಪ ಒಂದು ಹೆಸರು ಹೇಳಿದರು, ಅತ್ತೆ ಒತ್ತಿದಳು, ಅದು ಥಟ್ಟನೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಕೂತಿತು. ಅದರ ಕೆಳಗೆ ಸೋದರಮಾವನ ಹೆಸರು ಬಿತ್ತು.

"ನಾನು ಎರಡನೇ ಸಾಲಿನಾಗಾ?" ಎಂದು ಸೋದರಮಾವ ಎದ್ದು ನಿಂತ.

"ಬರೇ ಬರೆಯೋದಕ್ಕ ಹಿಂಗಂತೀಯಲ್ಲೋ, ಕೂಡ್ರೋ" ಎಂದರು ದೊಡ್ಡಪ್ಪ.

"ಬರೆದದ್ದು ಕಾಣ್ತೈತಲ್ಲ ಮತ್ತ!"

ಸಮಸ್ಯೆಯನ್ನು ತರ್ಕಬದ್ಧವಾಗಿ ಬಗೆಹರಿಸಲು, "ಅಕಾರಾದಿಯಾಗಿ ಹಾಕಿಬಿಡಿ" ಎಂದು ನಾನು ಸಲಹೆ ಕೊಟ್ಟೆ. ಹಾಗೆ ಮಾಡಿದರೆ ಎಲ್ಲರಿಗಿಂತ ಮೇಲೆ ಬರುವವನು ಕಿರಿಯ ಅಳಿಯ, ಅವನೊಂದಿಗೆ ಇಡೀ ಮನೆ ಮಾತು ಬಿಟ್ಟಿತ್ತು ಎಂದು ಆಮೇಲೆ ತಿಳಿಯಿತು. ದಾವಣಗೆರೆಯಲ್ಲೇ ಮಾಡಿಸ್ತೀವಿ ಎಂದು ಮೂವರೂ ಮೂರು ದಿಕ್ಕಿಗೆ ಮುಖ ಮಾಡಿಕೊಂಡು ಒಟ್ಟಿಗೆ ಹೊರಟರು. ಮರುದಿನ ಬಂದ ಕುಕ್ಕುವಾಡದವರೂ ಹಾಗೆಯೇ ಹೋದರು. ಮಾವ ಟೇಪು ತಂದು ಕೋಣೆಯ ಗೋಡೆ ಅಳೆಯತೊಡಗಿದರು.

ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದಳು. ಮೊದಲೆಲ್ಲ ಗಿರಾಕಿಗಳು ಬಂದೊಡನೆ ಸ್ವಿಚ್ಚು ಒತ್ತಿ, "ಇದು ಬರಾಕ ತಡ ಐತೆ, ಕೂಡ್ರಿ, ಚಾ ಕುಡೀರಿ" ಎನ್ನುತ್ತಿದ್ದಳಂತೆ. ಆ ಕಪ್ಪು ಪರದೆಯ ಮುಂದೆ ಕೂತು ಅವರು ಬೈದಾಡಿ, ಹಳೆಯದನ್ನೆಲ್ಲ ಕೆದಕಿ, ಚಹಾ ಮುಗಿಯುವಷ್ಟರಲ್ಲಿ ರಾಜಿಯಾಗುತ್ತಿದ್ದರು. ಬಾಯಲ್ಲಿ ಕೆಳಗಿಳಿದ ಹೆಸರನ್ನು ಬಾಯಲ್ಲೇ ಮೇಲೇರಿಸಬಹುದು. ಪರದೆಯ ಮೇಲೆ ಕಂಡ ಹೆಸರು ಕೆಳಗಿದ್ದರೆ ಅದು ಅವಮಾನ. ಮಾನಿಟರ್ ಬೆಳಗುವ ಹೊತ್ತಿಗೆ ಎಲ್ಲರೂ ಒಪ್ಪಿದ ಪಟ್ಟಿ ಒಂದೇ ಉಳಿದಿರುತ್ತಿತ್ತು.

"ಹಂಗಾದ್ರೆ ಸ್ವಿಚ್ಚನ್ನೇ ತಡವಾಗಿ ಒತ್ತು ಅತ್ತೆ" ಎಂದೆ. ಇಷ್ಟು ಸರಳ ಪರಿಹಾರ ಇವರಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕವೂ ಆಯಿತು.

"ನಾನು ಒತ್ತದೇ ಕುಂತ್ರೆ ನನಗ ಸೊಕ್ಕು ಅಂತಾರೆ. ಅದು ಹತ್ತದೇ ಕುಂತ್ರೆ ಅದರ ಹಣೇಬರ ಅಂತಾರೆ. ಎರಡೂ ಒಂದೇ ಏನು?"

ಇದಕ್ಕೆ ಪ್ರತಿವಾದವಿದೆ. ಇದ್ದೇ ಇರಬೇಕು. ನಾನಿನ್ನೂ ಅದನ್ನು ಹುಡುಕುತ್ತಿದ್ದಾಗ, ಗೋಡೆಯ ಬಳಿ ಮಾವನ ಟೇಪು ಸರ್ರನೆ ಸುರುಳಿಯಾಯಿತು. ಅತ್ತೆ ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ನನ್ನ ಕೈ ಹಿಡಿದುಕೊಂಡಳು.

"ನಿನ್ನ ಷೋಕೇಸಿನಾಗ ಆ ಉಬ್ಬಿದವು ಇನ್ನೂ ಅದಾವಲ್ಲ? ಮೂರೂ ಬ್ಯಾಡ, ಒಂದು ಚಾ ಕುಡಿಯೋ ಅಷ್ಟು ತಡ ಆದ್ರ ಸಾಕು. ಅವ್ರಾಗ ಯಾವುದನ್ನ ವಾಪಸ್ ಹಾಕಿದ್ರ ಸರಿಹೋಗ್ತೈತೆ, ನೀನ ಆರಿಸಿ ಹೇಳವ್ವ?"