ಹೇಮಾಶ್ರೀಯ ತೂಕ

ಆ ಬೆಳಿಗ್ಗೆ ಹೇಮಾಶ್ರೀ ನಟರಾಜನ ಕೊಬ್ಬರಿ ಮಂಡಿಯ ತೂಕದ ಮಿಷನ್ ಹತ್ತದೆ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಮಧ್ಯಾಹ್ನ ಅರಸೀಕೆರೆಯಲ್ಲಿ ಕುಸ್ತಿ. ಅಲ್ಲಿ ಹೆಣ್ಣುಮಕ್ಕಳನ್ನು ಅಖಾಡಕ್ಕೆ ಬಿಡುತ್ತಿದ್ದುದು ಇದೇ ಮೊದಲು. ಹಳೇಬೀಡಿನ ಗರಡಿಯಲ್ಲಿ ಹುಡುಗರ ನಡುವೆ ಮಣ್ಣು ಮೆತ್ತಿಕೊಂಡು ಪಟ್ಟು ಕಲಿತ ಹುಡುಗಿ ಇವಳೊಬ್ಬಳೇ. ಐವತ್ತು ಕೆ.ಜಿ. ಒಳಗಿನವರ ಜೋಡಿಗೆ ಹೆಸರು ಕೊಟ್ಟಿದ್ದಳು. ಅವಳಿಗೆ ಕಪ್ಪಿನ ಆಸೆಯೇನೂ ಇರಲಿಲ್ಲ. "ಹೆಣ್ಣೈಕ್ಳು ಕುಸ್ತಿ ಆಡಿದ್ರೆ ಮುದ್ದೆ ಕಟ್ಟೋರ್ಯಾರ್ಲಾ?" ಎಂದು ಟೀ ಅಂಗಡಿ ಮುಂದೆ ಕೂತು ನಗುವ ಗಂಡಸರು, ಅವರ ಜೊತೆ ತಾನೂ ನಗುವ ಅಪ್ಪ ಕೆಂಚಪ್ಪ, ಇವರೆಲ್ಲ ತಾನು ಗೆಲ್ಲುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು. ಅಷ್ಟೇ ಅವಳ ಹಟ.

"ನಲವತ್ತೇಳು!" ಎಂದು ನಟರಾಜ ಮಂಡಿಯ ಒಳಗಿಂದ ಕೂಗಿದ್ದೇ ತಡ, ಪಕ್ಕದ ಮನೆ ಗಿಡ್ಡಮ್ಮ ಮುದ್ದೆಯ ತಟ್ಟೆ ಹಿಡಿದು ಹಾಜರಾದಳು.

"ಐವತ್ತರ ಗಂಟ ಬಿಡ್ತಾರಂತೆ, ಮೂರು ಕೆ.ಜಿ. ಯಾಕವ್ವ ಬಿಟ್ಕೊಡ್ತೀಯಾ? ಚೀಲ ತುಂಬ್ದೆ ಯಾರಾದ್ರೂ ಬಾಯಿ ಹೊಲೀತಾರಾ?"

"ಬ್ಯಾಡ ಕಣಜ್ಜಿ, ಹೊಟ್ಟೆ ಭಾರ ಆಯ್ತದೆ."

"ಭಾರ ಆಗ್ಲಿ ಅಂತಲೇ ಹಾಕ್ತಿರೋದು, ತಿನ್ನು!"

ಒಂದು ಮುದ್ದೆ ಇಳಿಯಿತು, ಅದರ ಹಿಂದೆ ಇನ್ನೊಂದು. ಬಸದಿ ಬೀದಿಯ ಪದ್ಮಲತಮ್ಮ ತುಪ್ಪದಲ್ಲಿ ತೇಲುವ ಹೋಳಿಗೆ ತಂದರು. ಗಿಡ್ಡಮ್ಮನ ಮುದ್ದೆ ತಿಂದು ಪದ್ಮಲತಮ್ಮನ ಹೋಳಿಗೆ ಬೇಡವೆಂದರೆ ಬೀದಿಯಲ್ಲಿ ಬದುಕುವುದುಂಟೇ? ನಟರಾಜ ಧಾರಾಳ ಮನುಷ್ಯ. ಊರವರಿಗೆಲ್ಲ ಪುಕ್ಕಟೆಯಾಗಿ ತನ್ನ ಟೆಂಪೋ ಕೊಟ್ಟು, ಗೆದ್ದ ಮೇಲೆ ಹಾಕಲು ದೊಡ್ಡದೊಂದು ಹಾರ ಹಿಡಿದು ಮುಂದಿನ ಸೀಟಿನಲ್ಲಿ ತಾನೇ ಕೂತ. ದಾರಿಯುದ್ದಕ್ಕೂ ಕೈಯಿಂದ ಕೈಗೆ ಎಳನೀರು ಬರುತ್ತಲೇ ಇತ್ತು. ಅರಸೀಕೆರೆ ಬರುವಷ್ಟರಲ್ಲಿ ಹೇಮಾಶ್ರೀಗೆ ಬಗ್ಗಿ ಚಪ್ಪಲಿ ಬಿಡುವುದೂ ಕಷ್ಟವಾಗಿತ್ತು.

"ಐವತ್ತೆರಡು," ಎಂದರು ತೂಕ ನೋಡುವ ಮೇಡಂ. "ಇದ್ರಲ್ಲಿ ಆಗಲ್ಲಮ್ಮ. ನೀನು ಮೇಲಿನ ಜೋಡಿಗೆ ಹೋಗ್ಬೇಕು."

ಮೇಲಿನ ಜೋಡಿಯಲ್ಲಿದ್ದವಳು ಹಾಸನದಲ್ಲಿ ಪದಕ ಹೊಡೆದ ಹುಡುಗಿ. ಸುಮ್ಮನೆ ನಿಂತರೂ ಒರಳುಕಲ್ಲು ನಿಲ್ಲಿಸಿದಂತಿದ್ದಳು. ಹೇಮಾಶ್ರೀ ಮೇಡಂ ಕಡೆ ತಿರುಗಿದಳು.

"ಬೆಳಿಗ್ಗೆ ನಟರಾಜಣ್ಣನ ಮಂಡೀಲಿ ನಲವತ್ತೇಳಿದ್ದೆ ಮೇಡಂ! ನಿಮ್ ಮಿಷನ್ನೇ ಸರಿ ಇಲ್ಲ!"

ಮೇಡಂಗೆ ಸಿಟ್ಟು ಬಂತು. ಸರ್ಕಾರಿ ಮುದ್ರೆಯ ಇಪ್ಪತ್ತು ಕೆ.ಜಿ. ಕಲ್ಲು ತರಿಸಿ ಇಟ್ಟರು. ಮಿಷನ್ ಇಪ್ಪತ್ತೇ ತೋರಿಸಿತು. "ಈಗೇನಂತೀಯಾ? ಒಂದೇ ಬೆಳಿಗ್ಗೆ ಐದು ಕೆ.ಜಿ. ತಿಂದ್ಯಾ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕೆಂಚಪ್ಪ ಮಾತ್ರ ನಗಲಿಲ್ಲ. ಅವನು ತಲೆ ಕೆರೆದುಕೊಂಡ.

"ಎಷ್ಟ್ ತಿಂದ್ರೂ ಎರಡು ಕೆ.ಜಿ. ಮೇಲೆ ಹೋಗಾಕಿಲ್ಲ. ಅಂಗಾದ್ರೆ ಇನ್ನು ಮೂರು ಕೆ.ಜಿ.ನ ನಟರಾಜನ ಮಿಷನ್ನೇ ನುಂಗ್ತಾ? ಲೇಯ್, ಹೋದ್ವಾರ ನಾನು ಹಾಕಿದ್ ಕೊಬ್ಬರಿ!"

"ನನ್ದೂ!" ಎಂದನೊಬ್ಬ. "ನಾವು ವರ್ಷಾನುಗಟ್ಲೆಯಿಂದ ಅಲ್ಲೇ ಹಾಕ್ತಿದ್ದೀವಲ್ಲೋ!" ಎಂದ ಇನ್ನೊಬ್ಬ. ಎಲ್ಲರೂ ಒಟ್ಟಿಗೆ ತಿರುಗಿದರು. ನಟರಾಜ ಕೂತಿದ್ದ ಕುರ್ಚಿಯ ಮೇಲೆ ಹಾರ ಮಾತ್ರ ಇತ್ತು. ಹೊರಗೆ ಟೆಂಪೋ ಸ್ಟಾರ್ಟ್ ಆದ ಸದ್ದು ಕೇಳಿಸಿತು.

"ಹಿಡೀರ್ಲಾ ಅವನ್ನ!"

ಕೆಂಚಪ್ಪ ಹಾರವನ್ನು ಹೆಗಲಿಗೆ ಹಾಕಿಕೊಂಡೇ ಓಡಿದ. ಅವನ ಹಿಂದೆ ಇಡೀ ಹಳೇಬೀಡು ಸಿಕ್ಕ ಸಿಕ್ಕ ಆಟೋ ಹತ್ತಿತು. ಅದೇ ಹೊತ್ತಿಗೆ ಮೈಕಿನಲ್ಲಿ ಮೇಲಿನ ಜೋಡಿಗೆ ಹೇಮಾಶ್ರೀಯ ಹೆಸರು ಕೂಗಿದರು.

ಅಖಾಡಕ್ಕೆ ಇಳಿದು ಅವಳು ಸುತ್ತಲೂ ನೋಡಿದಳು. ಊರಿನ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲು ಅಳು ಬಂತು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು: ನಗುವವರೂ ಇಲ್ಲ! ಇಷ್ಟು ದಿನ ಅವಳು ಒಂದು ಕಿವಿಯನ್ನು ಹುಡುಗರ ಕಿಸಕಿಸಕ್ಕೆ ಕೊಟ್ಟೇ ಕುಸ್ತಿ ಆಡಿದ್ದಳು. ಇವತ್ತು ಎರಡು ಕಿವಿಯೂ ಅವಳವೇ. ಮೈಯೆಲ್ಲ ಹಗುರಾಯಿತು, ಹೊಟ್ಟೆಯೊಂದನ್ನು ಬಿಟ್ಟು.

ಒರಳುಕಲ್ಲು ಉರುಳಿ ಬಂತು. ಹೇಮಾಶ್ರೀ ಬಗ್ಗಿ, ಅವಳ ಸೊಂಟದ ಕೆಳಗೆ ಭುಜ ಕೊಟ್ಟು ಎತ್ತಿಯೇಬಿಟ್ಟಳು. ಧೊಪ್ಪೆಂದು ಬೆನ್ನು ಮಣ್ಣು ಮುಟ್ಟಿತು. ಅರಸೀಕೆರೆಯವರು ಶಿಳ್ಳೆ ಹೊಡೆದರು. ಬಿದ್ದವಳೇ ಎದ್ದು ಇವಳ ಕೈ ಎತ್ತಿ ಹಿಡಿದು, "ಏನ್ ತಿಂದ್ಕೊಂಡ್ ಬಂದಿದ್ದೀಯೇ ತಾಯಿ!" ಎಂದು ನಕ್ಕಳು. ಹೇಮಾಶ್ರೀಗೆ ಕುಣಿಯುವಷ್ಟು ಖುಷಿಯಾಯಿತು.

ಕಪ್ಪನ್ನು ತಬ್ಬಿಕೊಂಡು ಅವಳು ಸಂಜೆ ಬಸ್ಸಿನಿಂದ ಇಳಿದಾಗ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ತಮಟೆ ಬಡಿಯುತ್ತಿತ್ತು. ಟೀ ಅಂಗಡಿಯ ಗಂಡಸರೆಲ್ಲ ಸಾಲಾಗಿ ನಿಂತಿದ್ದರು. ಕೆಂಚಪ್ಪ ಒದ್ದೆ ಕಣ್ಣಿನಲ್ಲಿ ಮಗಳ ಕೊರಳಿಗೆ ಅದೇ ಹಾರ ಹಾಕಿದ.

"ಭೇಷ್ ಮಗಳೇ! ಇಡೀ ಊರ್ ಕೈಲಾಗ್ದೆ ಇದ್ದಿದ್ನ ನೀನೊಬ್ಳು ಮಾಡ್ದೆ!"

"ಒಂದೇ ಪಟ್ಟಿಗೆ ಚಿತ್ ಮಾಡ್ಬಿಟ್ಟೆ ಅಪ್ಪಾ!"

"ಯಾರ್ನ?" ಎಂದ ಕೆಂಚಪ್ಪ.

ಹೇಮಾಶ್ರೀ ಕಪ್ಪು ತೋರಿಸಿದಳು. "ಓ, ಅದಾ? ಒಳ್ಳೇದಾಯ್ತು ಬಿಡು. ನಟರಾಜ ತಪ್ಪೊಪ್ಕೊಂಡ ಕಣವ್ವಾ! ಈಗ ಕೇಳು, ನಾಳೆ ಹುಲಿಕೆರೆ ಮಂಡಿ, ನಾಳಿದ್ದು ಜಾವಗಲ್ಲು. ರೈತ್ರೆಲ್ಲ ನಿನ್ನೇ ಕೇಳ್ತಾವ್ರೆ. ಮಿಷನ್ ಮೇಲೆ ಸುಮ್ನೆ ನಿಂತ್ಕೊಂಡ್ರೆ ಸಾಕು, ಐವತ್ತೆರಡು ತೋರಿಸ್ದಿದ್ರೆ ಅದು ಕಳ್ಳ ಮಿಷನ್ನು. ತೂಕದ ಕಲ್ಲಾದ್ರೆ ಕಳ್ರು ತಳ ಕೊರೀತಾರೆ. ನಿನ್ನ ಕೊರೆಯಾಕಾಯ್ತದಾ?"

ಬೆಳಗಿನ ಮುದ್ದೆಯೆಲ್ಲ ಕುಸ್ತಿಯಲ್ಲೇ ಕರಗಿ ಹೇಮಾಶ್ರೀಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಯಾರೋ ಹಂಚುತ್ತಿದ್ದ ತಟ್ಟೆಯಿಂದ ಒಂದು ಲಾಡು ತೆಗೆದು ಇನ್ನೇನು ಬಾಯಿಗಿಡಬೇಕು, ಗಿಡ್ಡಮ್ಮ ಓಡಿ ಬಂದು ಕೈ ಹಿಡಿದುಕೊಂಡಳು.

"ಅಯ್ಯೋ, ಬ್ಯಾಡ ಕಣವ್ವಾ! ಇನ್ಮೇಲೆ ನೀನು ಐವತ್ತೆರಡೇ ಇರ್ಬೇಕು, ಊರಿನ್ ಕೊಬ್ಬರಿ ಗತಿ ನಿನ್ ಮೇಲೈತೆ," ಎಂದು ಲಾಡನ್ನು ಕಿತ್ತುಕೊಂಡು ತನ್ನ ಬಾಯಿಗೇ ಹಾಕಿಕೊಂಡಳು.